ಸೈ-ಫೈ ಸಿನಿಮಾಗಳಲ್ಲಿ ಗ್ರಾಫಿಕ್ಸ್ ಬಿಟ್ಟರೆ ನೋಡುವಂಥದ್ದು ಏನಿದೆ?

ಪ್ರಶ್ನೆಯ ಕೆಳಗೆ ನೀವು ಇನ್ನೊಂದು ಸಾಲನ್ನೂ ಸೇರಿಸಿದ್ದೀರಿ: "ಕಥೆ ಎಲ್ಲದರಲ್ಲೂ ಒಂದೇ. ಹಡಗು ಹಾರುತ್ತೆ, ರಾಕ್ಷಸ ಬರುತ್ತೆ, ಕೊನೆಗೆ ಒಬ್ಬರು ಉಳೀತಾರೆ." ಒಪ್ಪಿದೆ ಮಾರಾಯ್ರೆ. ರಾವಣ ಸಾಯುತ್ತಾನೆ ಅನ್ನೋದೂ ಎಲ್ಲರಿಗೂ ಗೊತ್ತು. ಆದರೂ ನಮ್ಮ ಕಡೆ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಯಕ್ಷಗಾನ ಆಟ ನೋಡುತ್ತಾರೆ.

ನಾನು ಸಿನಿಮಾ ಕಲಿತವನಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಅಪ್ಪ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು, ಈಗ ನಾನು ಮಾಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನವರಿಗೆ ರಜೆ, ನಮಗೆ ಮಾತ್ರ ಮೈತುಂಬ ಕೆಲಸ. ಇಂಜಿನ್ ಬಿಚ್ಚುವುದೇ ಆಗ. ಹಗಲೆಲ್ಲ ಗ್ರೀಸಿನಲ್ಲಿ ಮುಳುಗಿ, ರಾತ್ರಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಬಾಡಿಗೆ ಡಿವಿಡಿ ಹಾಕಿ ಕೂರುತ್ತಿದ್ದೆವು. ಹಾಗೆ ಒಂದು ಮಳೆಗಾಲದಲ್ಲಿ ಅಪ್ಪನ ಜೊತೆ ಕೂತು 'ಏಲಿಯನ್' ನೋಡಿದೆ. 1979ರ ಸಿನಿಮಾ, ರಿಡ್ಲಿ ಸ್ಕಾಟ್ ನಿರ್ದೇಶನ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ.

ಅದರಲ್ಲಿ ಬ್ರೆಟ್ ಎಂಬ ಮೆಕ್ಯಾನಿಕ್ ಅಂತರಿಕ್ಷ ಹಡಗಿನ ಬೆಕ್ಕನ್ನು ಹುಡುಕಿಕೊಂಡು ಒಂದು ದೊಡ್ಡ ಕೋಣೆಗೆ ಹೋಗುತ್ತಾನೆ. ಮೇಲಿಂದ ಸರಪಳಿಗಳು ತೂಗಾಡುತ್ತಿರುತ್ತವೆ, ನೀರು ತೊಟ್ಟಿಕ್ಕುತ್ತಿರುತ್ತದೆ. ಅವನು ಮುಖ ಎತ್ತಿ ಆ ನೀರಿಗೆ ಒಡ್ಡಿ ನಿಲ್ಲುತ್ತಾನೆ. ಜಗತ್ತಿಗೆಲ್ಲ ಅದು ಎದೆ ಡವಡವ ಅನ್ನಿಸುವ ದೃಶ್ಯ. ಅಪ್ಪ ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: "ಮೇಲೆ ಎಲ್ಲೋ ಪೈಪು ಸೋರ್ತಾ ಇದೆ. ಇವ ಬೆಕ್ಕು ಹುಡುಕೋದು ಬಿಟ್ಟು ಅದನ್ನ ನೋಡಬಾರದಾ?"

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಯೋಚಿಸಿದೆ. ಇಡೀ ಸಿನಿಮಾದಲ್ಲಿ ಅಪ್ಪ ಒಮ್ಮೆಯೂ "ಇದೆಲ್ಲ ಸುಳ್ಳು" ಅನ್ನಲಿಲ್ಲ. ಹಡಗು ನಕ್ಷತ್ರಗಳ ನಡುವೆ ಹೋಗುತ್ತಿದೆ ಅನ್ನುವುದನ್ನು ಒಪ್ಪಿಕೊಂಡು, ಸೋರುವ ಪೈಪಿನ ಬಗ್ಗೆ ಜಗಳಕ್ಕೆ ನಿಂತಿದ್ದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ. ಆ ಹಡಗನ್ನು ಯಾರು ತೊಳೆಯುತ್ತಾರೆ, ಯಾರು ರಿಪೇರಿ ಮಾಡುತ್ತಾರೆ, ಯಾರಿಗೆ ಎಷ್ಟು ಪಾಲು ಅನ್ನುವುದು ಗೋಡೆ ನೋಡಿದರೇ ಗೊತ್ತಾಗಬೇಕು. ಗೊತ್ತಾದರೆ ಮಿಕ್ಕದ್ದನ್ನೆಲ್ಲ ನಾವೇ ನಂಬುತ್ತೇವೆ.

ಪಾಲಿನ ಮಾತು ಸುಮ್ಮನೆ ತಂದದ್ದಲ್ಲ. ನಾಸ್ಟ್ರೋಮೋ ಎಂಬ ಆ ಹಡಗು ಯುದ್ಧದ್ದಲ್ಲ, ಸರಕು ಎಳೆಯುವ ಹಡಗು. ಹಿಂದೆ 2 ಕೋಟಿ ಟನ್ ಅದಿರು ಕಟ್ಟಿಕೊಂಡು ಭೂಮಿಗೆ ವಾಪಸಾಗುತ್ತಿರುತ್ತದೆ. ಒಳಗಿರುವವರು ಏಳೇ ಜನ. ನಿದ್ದೆಯಿಂದ ಎದ್ದು ಊಟಕ್ಕೆ ಕೂತವರು ಮೊದಲು ಜಗಳ ಆಡುವುದು ಯಾವುದಕ್ಕೆ ಗೊತ್ತಾ? ಕೆಳಗಿನ ಇಂಜಿನ್ನಿನವರಿಗೆ ಮೇಲಿನವರಿಗಿಂತ ಪಾಲು ಕಡಿಮೆ ಯಾಕೆ ಅಂತ. ನಮ್ಮಲ್ಲೂ ಟ್ರಾಲರ್ ದಡಕ್ಕೆ ಬಂದ ಮೇಲೆ ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕನಿಗಿಷ್ಟು, ಬೋಟು ನಡೆಸುವ ತಾಂಡೇಲನಿಗಿಷ್ಟು, ಖಲಾಸಿಗಳಿಗಿಷ್ಟು ಅಂತ ಹಂಚುತ್ತಾರೆ. ಆ ಹೊತ್ತಿಗೆ ಬೈತಖೋಲದಲ್ಲಿ ನಿಂತು ಕೇಳಿ, ಅದೇ ಸಂಭಾಷಣೆ! ಆಮೇಲೆ ಎಲ್ಲಿಂದಲೋ ಒಂದು ಸಂಕೇತ ಬರುತ್ತದೆ. ಅದೇನೆಂದು ಹೋಗಿ ನೋಡದಿದ್ದರೆ ಕರಾರಿನ ಪ್ರಕಾರ ಪೂರ್ತಿ ಪಾಲು ಹೋಯಿತು. ಅಷ್ಟಕ್ಕಾಗಿ ಅವರು ಆ ಗ್ರಹಕ್ಕೆ ಇಳಿಯುತ್ತಾರೆ. ಸಾಹಸಕ್ಕಲ್ಲ, ವಿಜ್ಞಾನಕ್ಕೂ ಅಲ್ಲ. ಇಂಥ ಕಾರಣ ಕೊಟ್ಟ ಮೇಲೆ ಕಥೆ ಒಂದೇ ಥರ ಅಂತ ಹೇಗೆ ಹೇಳುತ್ತೀರಿ?

ಈಗ ವಿನ್ಯಾಸಕ್ಕೆ ಬರುತ್ತೇನೆ. ಮನುಷ್ಯರ ಹಡಗಿನ ಒಳಭಾಗವನ್ನು ಮುಖ್ಯವಾಗಿ ಬರೆದವರು ರಾನ್ ಕಾಬ್, ಇಂಜಿನಿಯರ್ ತಲೆಯ ಚಿತ್ರಕಾರ. ಬಾಗಿಲುಗಳ ಪಕ್ಕದಲ್ಲಿ ಅಂಗೈಗಿಂತ ಚಿಕ್ಕ ಚೌಕದ ಗುರುತುಗಳಿವೆ: ಇಲ್ಲಿ ಗಾಳಿಯಿಲ್ಲ, ಇಲ್ಲಿ ತೂಕವಿಲ್ಲ, ಇದು ಶೀತದ ಕೋಣೆ ಅಂತ. ಕ್ಯಾಮೆರಾ ಅವುಗಳ ಮೇಲೆ ನಿಲ್ಲುವುದೇ ಇಲ್ಲ, ಆದರೂ ಒಂದು ಕ್ರಮದಲ್ಲಿ ಕೂತು ಬರೆದಿದ್ದಾರೆ. ಅನ್ಯಜೀವಿಯನ್ನೂ ಅದರ ಲೋಕದ ಪಾಳುಬಿದ್ದ ಹಡಗನ್ನೂ ಬರೆದವರು ಬೇರೆ, ಸ್ವಿಟ್ಜರ್ಲೆಂಡಿನ ಎಚ್. ಆರ್. ಗೀಗರ್. ಅಲ್ಲಿ ಒಂದು ಬೋಲ್ಟೂ ಕಾಣುವುದಿಲ್ಲ. ಗೋಡೆಯೆಲ್ಲ ಪಕ್ಕೆಲುಬು, ಬೆನ್ನುಮೂಳೆ. ಎರಡು ಲೋಕಕ್ಕೆ ಎರಡು ಬೇರೆ ಕೈ. ಹಾಗಾಗಿ ನಾಸ್ಟ್ರೋಮೋದವರು ಆ ಪಾಳು ಹಡಗಿನೊಳಗೆ ಕಾಲಿಟ್ಟ ಕೂಡಲೇ, ಯಾರೂ ಏನೂ ಹೇಳದಿದ್ದರೂ, ಇಲ್ಲಿ ನಮ್ಮ ಸ್ಪ್ಯಾನರ್ ಕೆಲಸಕ್ಕೆ ಬಾರದು ಅಂತ ಹೊಟ್ಟೆಯಲ್ಲಿ ಚಳಿ ಹುಟ್ಟುತ್ತದೆ. ಇನ್ನೊಂದು ಕಿಲಾಡಿತನ: ಹೊರಗಿನ ಸೆಟ್ ದೊಡ್ಡದಾಗಿ ಕಾಣಲಿ ಅಂತ ಸ್ಕಾಟ್ ಕೆಲವು ಶಾಟ್‌ಗಳಲ್ಲಿ ಚಿಕ್ಕ ಅಂತರಿಕ್ಷ ಉಡುಪು ಹೊಲಿಸಿ ಮಕ್ಕಳನ್ನು ನಡೆಸಿದ್ದರು. ಅದರಲ್ಲಿ ಅವರ ಮಕ್ಕಳೂ ಇದ್ದರು.

ರಾಕ್ಷಸನ ವಿಷಯ. ಅಜ್ಜನ ಮನೆ ಹೊನ್ನಾವರದ ಕಡೆ, ಚಿಕ್ಕವನಿದ್ದಾಗ ಅಲ್ಲಿ ಆಟಕ್ಕೆ ಕರೆದೊಯ್ಯುತ್ತಿದ್ದರು. ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮತ್ತೆ ಮುಳುಗುತ್ತದೆ. ಒಂದು ಕೈ. ಒಂದು ಆರ್ಭಟ. ಪೂರ್ತಿ ಮುಖ ಕಾಣುವ ಹೊತ್ತಿಗೆ ಅಜ್ಜಿಯ ಸೆರಗಿನೊಳಗೆ ನನ್ನ ತಲೆ. ಸ್ಕಾಟ್ ಮಾಡಿದ್ದೂ ಇದನ್ನೇ. ಸುಮಾರು ಏಳಡಿ ಎತ್ತರದ ನೈಜೀರಿಯಾದ ಯುವಕ ಬೊಲಾಜಿ ಬಡೇಜೋಗೆ ವೇಷ ತೊಡಿಸಿಯೂ, ಅದನ್ನು ಪೂರ್ತಿಯಾಗಿ ತೋರಿಸುವುದು ತೀರಾ ಕಡಿಮೆ. ಬಾಲ, ಬಾಯಿ, ಹೊಳೆಯುವ ತಲೆ, ಅಷ್ಟೆ. ಇತ್ತೀಚಿನ ಸಿನಿಮಾಗಳಲ್ಲಿ ರಾಕ್ಷಸ ಹಗಲು ಬೆಳಕಲ್ಲಿ ಹತ್ತು ನಿಮಿಷ ಕುಣಿದರೂ ಆಕಳಿಕೆ ಬರುವುದು ತೆರೆ ಹಿಡಿಯುವವರಿಲ್ಲದ್ದಕ್ಕೇ ಇರಬೇಕು.

ಹಾಗಂತ ತುಕ್ಕು ಹಿಡಿದದ್ದೇ ಒಳ್ಳೆಯ ವಿನ್ಯಾಸ ಅಂತಲ್ಲ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ '2001' ಸಿನಿಮಾದ ಅಂತರಿಕ್ಷ ಹಡಗಿನಲ್ಲಿ ಎಲ್ಲವೂ ಬೆಳ್ಳಗೆ, ಆಸ್ಪತ್ರೆಯ ಹಾಗೆ. ಅಲ್ಲಿರುವವರು ಪಾಲಿಗೆ ದುಡಿಯುವವರಲ್ಲ, ಸರಕಾರಿ ಸಂಬಳದವರು, ಆದ್ದರಿಂದ ಸರಿ! ಅದರಲ್ಲಿ ಒಬ್ಬ ಚಕ್ರದಂಥ ಕೋಣೆಯ ಒಳಸುತ್ತಿನಲ್ಲಿ ಓಡುತ್ತಾ ಸುತ್ತು ಹಾಕುತ್ತಾನೆ. ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ಬಾವಿಯಂಥ ಹಲಗೆಯ ಗೋಡೆಯ ಮೇಲೆ ಬೈಕ್ ಓಡಿಸುವುದನ್ನು ನೋಡಿದ್ದರೆ ಕೋಣೆಯ ತತ್ತ್ವ ನಿಮಗೆ ಅರ್ಥವಾದ ಹಾಗೆಯೇ: ಸುತ್ತುವ ವೇಗವೇ ಗೋಡೆಗೆ ಒತ್ತುತ್ತದೆ, ಆ ಒತ್ತುವಿಕೆಯೇ ತೂಕ. ಆದರೆ ಚಿತ್ರೀಕರಣ ನಡೆದದ್ದು ಭೂಮಿಯ ಮೇಲಲ್ಲವೇ? ಅದಕ್ಕೆ 38 ಅಡಿ ವ್ಯಾಸದ ನಿಜವಾದ ಚಕ್ರವನ್ನೇ ಕಟ್ಟಿಸಿ, ನಿಧಾನಕ್ಕೆ ತಿರುಗಿಸಿದರು. ನಟ ಸದಾ ತಳದಲ್ಲೇ ಓಡುತ್ತಿದ್ದ, ತಿರುಗುತ್ತಿದ್ದದ್ದು ಕೋಣೆ. ಕಂಪ್ಯೂಟರ್ ಗ್ರಾಫಿಕ್ಸ್ ಒಂದು ಚೂರೂ ಇಲ್ಲ. ಮೋಟರು, ಬೇರಿಂಗು, ಉಕ್ಕು. ಇದನ್ನು ಓದಿದ ದಿನ ನನಗೆ ಆದ ಖುಷಿ ಹೇಳತೀರದು.

'ಸ್ಟಾರ್ ವಾರ್ಸ್' ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಭಕ್ತರು ಬೇಕಾದಷ್ಟಿದ್ದಾರೆ. ಒಂದೇ ಒಂದು ಸಂಗತಿ. ಬಂದೂಕಿನ ಆ 'ಪ್ಯೂಂ' ಸದ್ದನ್ನು ಆ ಸಿನಿಮಾದ ಸದ್ದು ವಿನ್ಯಾಸಕ ಬೆನ್ ಬರ್ಟ್ ಹುಡುಕಿದ್ದು ರೇಡಿಯೋ ಟವರನ್ನು ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗೆ ಸುತ್ತಿಗೆ ಬಡಿದು. ಉದ್ದದ ಬಿಗಿ ತಂತಿಯಲ್ಲಿ ಕೀರಲು ದನಿ ಬೇಗ ಓಡುತ್ತದೆ, ದಪ್ಪ ದನಿ ಹಿಂದೆ ಬೀಳುತ್ತದೆ. ಕಿವಿಗೆ ಮೊದಲು ಮೇಲಿನದು, ಆಮೇಲೆ ಕೆಳಗಿನದು ಜಾರಿದ ಹಾಗೆ ತಲುಪುತ್ತದೆ. ನಂಬದೆ ನಾನೂ ಹಳೆಯ ಟ್ರಾಲರಿನ ವಿಂಚ್ ತಂತಿಯನ್ನು ಎರಡು ಕಂಬದ ನಡುವೆ ಎಳೆದು ಕಟ್ಟಿ, ಒಂದು ತುದಿಗೆ ಕಿವಿಯಿಟ್ಟು, ಇನ್ನೊಂದು ತುದಿಗೆ ಸ್ಪ್ಯಾನರಿನಿಂದ ಹೊಡೆಸಿದೆ. ಬಂತು ನೋಡಿ ಪ್ಯೂಂ! ಹೊಡೆದ ಹುಡುಗ ಅರ್ಧ ದಿನ ಕೆಲಸ ಬಿಟ್ಟು ಅದನ್ನೇ ಹೊಡೆಯುತ್ತಾ ಕೂತ.

ನೀವು 'ಏಲಿಯನ್' ಇನ್ನೂ ನೋಡಿಲ್ಲದಿದ್ದರೆ ಮೊದಲ ಸಲ ರಾತ್ರಿ ನೋಡಿ, ಕಥೆಗಾಗಿ. ಎರಡನೇ ಸಲ ಸದ್ದು ಪೂರ್ತಿ ಬಂದ್ ಮಾಡಿ ಬರೀ ಗೋಡೆ, ಬಾಗಿಲು, ಮೇಜಿನ ಮೇಲಿನ ಪಾತ್ರೆ ನೋಡಿ. ಕಾರವಾರಕ್ಕೆ ಬಂದರೆ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಹಳೆಯ ಕ್ಷಿಪಣಿ ನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ. ಇಕ್ಕಟ್ಟಿನ ಓಣಿ, ತಲೆಯ ಮೇಲೆ ಪೈಪು, ಕೈ ತಾಗಿ ತಾಗಿ ಬಣ್ಣ ಹೋದ ಹಿಡಿಕೆ. ರಾನ್ ಕಾಬ್ ಏನು ಮಾಡಿದರು ಅನ್ನೋದು ಐದು ನಿಮಿಷದಲ್ಲಿ ತಿಳಿಯುತ್ತದೆ. ಬಾಗಿಲುಗಳು ಗಿಡ್ಡ, ತಲೆ ಬಗ್ಗಿಸಿ ದಾಟಿ. ನನ್ನ ಹಣೆಯಲ್ಲಿ ಇನ್ನೂ ಗುರುತಿದೆ.

ಹಾಂ, ಬೆಕ್ಕು ಉಳಿಯುತ್ತದೆ. ಅಪ್ಪ ಕೊನೆಯವರೆಗೆ ಕೂತದ್ದೇ ಅದನ್ನು ನೋಡಲಿಕ್ಕೆ.