ಉಪ್ಪು ನೋಡದೇ ಅಡುಗೆ ಮಾಡ್ತಿದ್ದ ಅಮ್ಮ

ಬಾಯಿ ಕ್ಯಾನ್ಸರ್‌ಗೆ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡಿಸ್ಕೊಂಡು ಬಂದೋರು ಶಿವಮೊಗ್ಗದಲ್ಲಿ ಸಲಹೆಗೆ ಅಂತ ನನ್ನ ಹತ್ರ ಕೂತಾಗ ನೋವಿನ ಬಗ್ಗೆ ಜಾಸ್ತಿ ಮಾತಾಡಲ್ಲ, ಅನ್ನ ಮಣ್ಣು ತಿಂದಂಗೆ ಆಗತ್ತೆ ಅಂತಾರೆ, ಇದೊಂದೇ ಮಾತು ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಬದಲಾಯಿಸಿದೀನಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ, ಅರವತ್ತರ ಆಸುಪಾಸಿನ ಅಮ್ಮ, ಕೆನ್ನೆ ಒಳಗೆ ಆಪರೇಷನ್, ಆಮೇಲೆ ಆರೂವರೆ ವಾರದಲ್ಲಿ 33 ಸಲ ರೇಡಿಯೇಷನ್. ಮುಗಿದು ಎರಡು ತಿಂಗಳಾಗಿತ್ತು, 9 ಕೆಜಿ ಇಳಿದಿದ್ರು. ತಟ್ಟೆ ಮುಂದೆ ಕೂತ್ರೆ ಅಳ್ತಾರೆ ಅಂತ ಮಗ ಕರ್ಕೊಂಡು ಬಂದ.

ಮೊದಲ ದಿನವೇ ಇದ್ದದ್ದು ಇದ್ದಂಗೆ ಹೇಳ್ದೆ. ನಾಲಿಗೆ ಮೇಲೆ ರುಚಿ ಹಿಡಿಯೋ ಜೀವಕೋಶ ಸುಮಾರು 10 ದಿನಕ್ಕೊಮ್ಮೆ ಹೊಸದಾಗಿ ಹುಟ್ಟುತ್ವೆ, ರೇಡಿಯೇಷನ್ ಆ ಹುಟ್ಟೋದನ್ನೇ ತಡೆಯತ್ತೆ, ಜೊತೆಗೆ ಜೊಲ್ಲು ಬತ್ತತ್ತೆ, ಜೊಲ್ಲಲ್ಲಿ ಕರಗದೇ ಇದ್ರೆ ಉಪ್ಪಾಗ್ಲಿ ಸಕ್ಕರೆಯಾಗ್ಲಿ ನಾಲಿಗೆಗೆ ಗೊತ್ತಾಗಲ್ಲ. ಹೆಚ್ಚಿನೋರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಬಹಳಷ್ಟು ವಾಪಸ್ ಬರತ್ತೆ, ಕೆಲವರಿಗೆ ಪೂರ್ತಿ ಬರಲ್ಲ, ಜೊಲ್ಲಿಗೆ ಇನ್ನೂ ಟೈಮ್ ಬೇಕು. "ನಾಳೆನೇ ಸರಿ ಹೋಗತ್ತೆ" ಅಂತ ನಾನು ಯಾರಿಗೂ ಹೇಳಲ್ಲ, ಆ ನಾಳೆ ಬರದೇ ಇದ್ದಾಗ ಅವರು ಊಟನೇ ಬಿಡೋದನ್ನ ನೋಡಿದೀನಿ.

ಮನೇಲಿ ಪ್ರೀತಿಯಿಂದಲೇ ತಪ್ಪಾಗ್ತಿತ್ತು. ಒಂದೊಂದು ತುತ್ತಿಗೂ "ರುಚಿ ಗೊತ್ತಾಯ್ತಾ ಅಮ್ಮ?" ಅಂತ ಎಲ್ರೂ ಕೇಳೋರು. "ಅತ್ತೆ, ನೀವು ಕೂತ್ಕೊಳ್ಳಿ" ಅಂತ ಸೊಸೆ ಅಡುಗೆಮನೆ ಪೂರ್ತಿ ತಾನೇ ವಹಿಸ್ಕೊಂಡಿದ್ಳು.

ಮೂರನೇ ಸಲ ಬಂದಾಗ ಅಮ್ಮ ಅಂದ್ರು, "ಉಪ್ಪು ಎಷ್ಟು ಅಂತ ಗೊತ್ತಾಗದೇ ಇರೋಳು ಒಲೆ ಮುಂದೆ ನಿಂತು ಎಂತ ಮಾಡೋದು." ನಂಗೆ ಸಮಾಧಾನದ ಮಾತು ಬೇಡ ಅನ್ನಿಸ್ತು. ಕೇಳ್ದೆ, "ಅಮ್ಮ, ನಿಮ್ಮನೇಲಿ ನೈವೇದ್ಯದ ಅಡುಗೆಗೆ ಉಪ್ಪು ಹೇಗೆ ನೋಡ್ತಿದ್ರಿ?"

"ಅಯ್ಯೋ ಮಾರಾಯ್ತಿ, ದೇವರಿಗೆ ಇಡೋ ಮುಂಚೆ ಬಾಯಿಗೆ ಹಾಕೋದುಂಟಾ? ಎಂಜಲಾಗಲ್ವಾ?"

"ಮತ್ತೆ ಸರಿ ಇದೆ ಅಂತ ಗೊತ್ತಾಗೋದು?"

ಬಲಗೈ ಎತ್ತಿ ಉಪ್ಪಿನ ಭರಣಿಗೆ ಇಳಿಸಿದಂಗೆ ಐದು ಬೆರಳೂ ಕೂಡಿಸಿದ್ರು. "ಈ ಪಾತ್ರೆಗೆ ಇಷ್ಟು. ಕುದಿ ಬಂದ ಮೇಲೆ ಸಾರಿನ ಘಮ ಬದಲಾಗತ್ತೆ, ಹಸಿ ವಾಸನೆ ಹೋಗತ್ತೆ, ಆಗ ಗೊತ್ತಾಗತ್ತೆ." ಕೈ ಹಂಗೇ ಗಾಳೀಲಿ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ನಲವತ್ತು ವರ್ಷ ನಾನು ಹಬ್ಬದಡುಗೆಗೆ ಉಪ್ಪು ನೋಡೇ ಇಲ್ಲ ಅಲ್ವಾ" ಅಂದ್ರು. ಮೂಗು ಸರಿಯಾಗೇ ಇತ್ತು ಅವರಿಗೆ, ಕೈಯಳತೆನೂ ಇತ್ತು.

ಆವತ್ತೇ ಹೇಳ್ದೆ, ದಿನಕ್ಕೊಂದು ಅಡುಗೆ ನೀವು ಮಾಡಿ, ಗ್ಯಾಸ್ ಮೇಲೆ, ಸೌದೆ ಒಲೆ ಹೊಗೆ ಬೇಡ, ಮೆಣಸಿನಕಾಯಿ ಹುರಿಯೋದು ಬೇಡ. ಕಾಯಿಲೆಯೋರನ್ನ ಮತ್ತೆ ಕೆಲಸಕ್ಕೆ ಹಚ್ಚಿದ್ರಿ ಅಂತ ಮಗ ಬೇಜಾರು ಮಾಡ್ಕೊಂಡ. ಅವನ ಬೇಜಾರು ನಂಗೆ ಅರ್ಥ ಆಗತ್ತೆ, ಆದ್ರೂ ಈ ಸಲಹೆ ಇವತ್ತೂ ಕೊಡ್ತೀನಿ, ಯಾಕಂದ್ರೆ ಅವರು ಕಳ್ಕೊಂಡಿದ್ದು ನಾಲಿಗೆ ರುಚಿ ಮಾತ್ರ, ಅಡುಗೆಮನೆ ಕಿತ್ಕೊಂಡಿದ್ದು ನಾವು.

ಊಟಕ್ಕೆ ಬೇರೆ ಲೆಕ್ಕ. ರುಚಿ ಬರೋ ತನಕ ಕಾಯ್ಬಾರ್ದು, ಮಾತ್ರೆ ತಗೊಂಡಂಗೆ ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಗಂಜಿ, ತುಪ್ಪ ಹಾಕಿದ ಮೆತ್ತನೆ ಅನ್ನ, ರಾಗಿ ಅಂಬಲಿ, ಬಿಸಿ ಆರಿಸಿ. ಸ್ಟೀಲ್ ಚಮಚದಲ್ಲಿ ಕಬ್ಬಿಣದ ರುಚಿ ಬಂದ್ರೆ ಮರದ್ದು. ಊಟಕ್ಕೆ ಮುಂಚೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿಟ್ಕೊಂಡು ಅದ್ರಲ್ಲಿ ಬಾಯಿ ಮುಕ್ಕಳಿಸೋದು. ರುಚಿ ಬಂತಾ ಅಂತ ನೋಡೋದು ಭಾನುವಾರ ಮಾತ್ರ, ಬೇರೆ ದಿನ ಮನೇಲಿ ಯಾರೂ ಕೇಳ್ಬಾರ್ದು. ತೂಕ ಇನ್ನೂ ಇಳೀತಿದ್ರೆ, ನುಂಗೋಕೆ ಆಗದೇ ಇದ್ರೆ ನನ್ನ ಹತ್ರ ಅಲ್ಲ, ತಕ್ಷಣ ಡಾಕ್ಟರ್ ಹತ್ರ.

ಇನ್ನೊಂದು ಮಾತು, ನಮ್ಮೂರಲ್ಲಿ ಹೇಳೋಕೆ ಕಷ್ಟ ಆದ್ರೂ ಹೇಳ್ತೀನಿ. ಹೊಗೆಸೊಪ್ಪು ಬಿಟ್ಟಿದೀನಿ, ಬರೀ ಒಂದು ಚೂರು ಅಡಿಕೆ ಹಾಕಿದ್ರೆ ಬಾಯಲ್ಲಿ ನೀರೂರತ್ತೆ ಅಂತ ಅಮ್ಮ ಕೇಳಿದ್ರು, ತುಂಬ ಜನ ಕೇಳ್ತಾರೆ. ಬೇಡ. ಹೊಗೆಸೊಪ್ಪಿಲ್ಲದ ಅಡಿಕೆನೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಿಮ್ಮ ತೋಟದ ಅಡಿಕೆ ಮೇಲೆ ನಂಗೆ ದ್ವೇಷ ಇಲ್ಲ, ನಿಮ್ಮ ಇನ್ನೊಂದು ಕೆನ್ನೆ ಉಳೀಬೇಕು. ನೀರು ಗುಟುಕು ಗುಟುಕಾಗಿ ಕುಡೀರಿ ಅಂದೆ, ಅಮ್ಮ ತುಂಬ ಹೊತ್ತು ಕಿಟಕಿ ಕಡೆ ನೋಡ್ತಾ ಕೂತಿದ್ರು, ಆಮೇಲೆ ಎಲೆ ಸಂಚಿ ತೆಗೆದು ಮಗನ ಕೈಗೆ ಕೊಟ್ರು.

ಆರನೇ ತಿಂಗಳಲ್ಲಿ ಒಂದು ಭಾನುವಾರ ಫೋನ್ ಬಂತು. "ಒಂದೆಲಗದ ತಂಬುಳಿ ಕುಡ್ದೆ, ಹುಳಿ ಗೊತ್ತಾಯ್ತು. ಸಿಹಿ ಇಲ್ಲ, ಬೆಲ್ಲ ನಾಲಿಗೆ ಮೇಲೆ ಇಟ್ರೆ ಬರೀ ಮರಳು." ತೂಕ ಕೇಳ್ದೆ. ಎರಡೂವರೆ ಕೆಜಿ ಏರಿದೆ ಅಂದ್ರು, ನಿನ್ನೆ ಸಾರು ತಾನೇ ಮಾಡಿದ್ದು, ಸೊಸೆ ಎರಡು ಸಲ ಬಡಿಸ್ಕೊಂಡ್ಳು ಅಂದ್ರು.