ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಶ್ವವಿದ್ಯಾಲಯದ ಆವರಣದಲ್ಲಿ ಮುಂಬರುವ ಕಾರ್ಯಕ್ರಮಗಳು

ವಿಶ್ವವಿದ್ಯಾಲಯಗಳ ಸೂಚನಾ ಫಲಕಗಳು ವಿಚಾರ ಸಂಕಿರಣ, ವಿಶೇಷ ಉಪನ್ಯಾಸ, ನಾಟಕ ಮತ್ತು ಸಂಗೀತ ಕಾರ್ಯಕ್ರಮಗಳ ಪ್ರಕಟಣೆಗಳಿಂದ ತುಂಬಿಕೊಳ್ಳುತ್ತಿರುವ ಹೊತ್ತಿನಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅವುಗಳನ್ನೇ ಕುರಿತಾಗಿವೆ. ಕೇಳಲು ಹೋಗುವವರು, ವೇದಿಕೆ ಏರುವವರು, ವೇದಿಕೆ ಸಜ್ಜುಗೊಳಿಸುವವರು ಮೂವರೂ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ವಿಶ್ವವಿದ್ಯಾಲಯದ ಉಪನ್ಯಾಸಗಳ ಪ್ರಕಟಣೆಯಲ್ಲಿ ‘ಆಸಕ್ತರೆಲ್ಲರಿಗೂ ಸ್ವಾಗತ’ ಎಂದು ಬರೆದಿದ್ದರೂ ಒಳಗೆ ಹೋಗಿ ಕುಳಿತುಕೊಳ್ಳಲು ಸಂಕೋಚವಾಗುತ್ತದೆ. ವಿದ್ಯಾರ್ಥಿನಿಯೂ ಅಲ್ಲದ, ಅಲ್ಲಿನ ಅಧ್ಯಾಪಕಿಯೂ ಅಲ್ಲದ ನಾನು ಹೋದರೆ ತಪ್ಪಾದೀತೇ? ಯಾವ ಕಾರ್ಯಕ್ರಮಗಳಿಗೆ ಹೋಗಬಹುದು?
– ಒಬ್ಬ ಓದುಗರು

ಉತ್ತರ: ಖಂಡಿತ ತಪ್ಪಾಗದು. ವಿಶ್ವವಿದ್ಯಾಲಯದ ಉಪನ್ಯಾಸವನ್ನು ಹೊರಗಿನವರು ಬಂದು ಕೇಳುವುದು ಈಚಿನ ಔದಾರ್ಯವೇನಲ್ಲ. ಜರ್ಮನ್ ಪ್ರಕೃತಿವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1827ರ ನವೆಂಬರಿನಿಂದ 1828ರ ಏಪ್ರಿಲ್‌ವರೆಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಕೃತಿವಿಜ್ಞಾನವನ್ನು ಕುರಿತು 61 ಉಪನ್ಯಾಸಗಳನ್ನು ನೀಡಿದರು. ಆಗ ಅಲ್ಲಿನ ತರಗತಿಗಳಲ್ಲಿ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಆದರೆ ಅದೇ ಚಳಿಗಾಲದಲ್ಲಿ ಅವರು ಹತ್ತಿರದ ಸಿಂಗ್‌ಅಕಾಡೆಮಿ ಸಭಾಂಗಣದಲ್ಲಿ ಸಾರ್ವಜನಿಕರಿಗಾಗಿಯೇ ಬೇರೆಯಾಗಿ 16 ಉಪನ್ಯಾಸಗಳನ್ನು ಏರ್ಪಡಿಸಿಕೊಂಡರು. ಪ್ರವೇಶ ಉಚಿತವಾಗಿದ್ದ ಆ ಸಭೆಗಳಲ್ಲಿ ರಾಜಮನೆತನದವರೂ ಕುಶಲಕರ್ಮಿಗಳೂ ಮಹಿಳೆಯರೂ ಒಂದೇ ಸೂರಿನಡಿ ಕುಳಿತರು. ಅಂದಿನ ಕೇಳುಗರಲ್ಲಿ ಎಷ್ಟು ಜನ ನಿಮ್ಮ ಹಾಗೆ ಸಂಕೋಚದಿಂದಲೇ ಬಂದಿರಬಹುದು ಎಂದು ಯೋಚಿಸಿ ನೋಡಿ.

ಇನ್ನು ಯಾವುದಕ್ಕೆ ಹೋಗಬಹುದು ಎಂಬ ಪ್ರಶ್ನೆ. ಸಾರ್ವಜನಿಕ ಉಪನ್ಯಾಸ, ದತ್ತಿ ಉಪನ್ಯಾಸ, ಹೊಸದಾಗಿ ನೇಮಕಗೊಂಡ ಪ್ರಾಧ್ಯಾಪಕರ ಮೊದಲ ಉಪನ್ಯಾಸ, ನಾಟಕ, ಚಿತ್ರಪ್ರದರ್ಶನ ಮುಂತಾದವು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ಕಾರ್ಯಾಗಾರಗಳಲ್ಲಿ ಕೂರುವ ಜಾಗ, ಉಪಕರಣ, ಮಾರ್ಗದರ್ಶಕರು ಎಲ್ಲವೂ ಎಣಿಕೆಯ ಲೆಕ್ಕದಲ್ಲಿರುವುದರಿಂದ ಮುಂಗಡ ನೋಂದಣಿ ಮಾಡಿಸದೆ ಹೋಗಬಾರದು. ಸಮ್ಮೇಳನಗಳಿಗೆ ಶುಲ್ಕವಿದ್ದರೂ ಅವುಗಳ ಉದ್ಘಾಟನಾ ಉಪನ್ಯಾಸ ಹಲವು ಕಡೆ ಮುಕ್ತವಾಗಿರುತ್ತದೆ. ಕಾರ್ಯಕ್ರಮ ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಿ. ವಿಭಾಗದೊಳಗಿನ ವಾರದ ಸೆಮಿನಾರುಗಳದ್ದು ಮಾತ್ರ ಬೇರೆ ವಿಚಾರ. ಬಾಗಿಲು ತೆರೆದಿದ್ದರೂ ಮಾತು ತೀರಾ ತಾಂತ್ರಿಕವಾಗಿರುತ್ತದೆ, ಹಾಗಾಗಿ ಸಂಚಾಲಕರಿಗೆ ಒಂದು ಸಾಲಿನ ಮಿಂಚಂಚೆ ಬರೆದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಹಳ ಜನರಿಗೆ ಗೊತ್ತಿರದ ಇನ್ನೊಂದು ಅವಕಾಶವೂ ಇದೆ. ಪಿಎಚ್‌.ಡಿ. ಪ್ರಬಂಧದ ಮೌಖಿಕ ಪರೀಕ್ಷೆಯನ್ನು ಹಲವು ದೇಶಗಳಲ್ಲಿ ಬಹಿರಂಗವಾಗಿಯೇ ನಡೆಸುತ್ತಾರೆ. ಸ್ವೀಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಗೆ ಕೆಲವು ವಾರಗಳ ಮೊದಲೇ ಪ್ರಬಂಧದ ಪ್ರತಿಯೊಂದನ್ನು ಗೋಡೆಗೋ ಹಲಗೆಗೋ ಮೊಳೆ ಹೊಡೆದು ನೇತುಹಾಕುವ ಪದ್ಧತಿ ಈಗಲೂ ಇದೆ. ಯಾರು ಬೇಕಾದರೂ ಓದಿಕೊಂಡು ಬಂದು ಆಕ್ಷೇಪಿಸಲಿ ಎಂಬುದೇ ಅದರ ಉದ್ದೇಶ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಶ್ನೋತ್ತರದ ಅವಧಿ ಮುಗಿಯುತ್ತಲೇ ದಂಡ ಹಿಡಿದ ವಿಶ್ವವಿದ್ಯಾಲಯದ ಅಧಿಕಾರಿ ಒಳಬಂದು ಲ್ಯಾಟಿನ್ನಿನಲ್ಲಿ ‘ಹೋರಾ ಎಸ್ಟ್’, ಅಂದರೆ ‘ಹೊತ್ತಾಯಿತು’, ಎಂದು ಘೋಷಿಸುತ್ತಾರೆ. ಅಭ್ಯರ್ಥಿ ವಾಕ್ಯದ ನಡುವೆ ಇದ್ದರೂ ಅಲ್ಲಿಗೇ ನಿಲ್ಲಿಸಬಹುದು. ನಮ್ಮ ಕೆಲವು ಸಭೆಗಳಿಗೂ ಅಂಥ ಒಬ್ಬ ಅಧಿಕಾರಿ ಇದ್ದಿದ್ದರೆ ಎಂದು ಈ ಅಂಕಣಕಾರನಿಗೆ ಅನೇಕ ಸಲ ಅನ್ನಿಸಿದೆ.

ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಉಪನ್ಯಾಸದ ಪ್ರಕಟಣೆಯಲ್ಲಿ ಸಮಯದ ಮುಂದೆ ‘ಸಿ.ಟಿ.’ ಎಂದು ಬರೆದಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ಸೇರಿದರೂ ಕಾಲು ಗಂಟೆ ಯಾರೂ ಮಾತನಾಡಲಿಲ್ಲ. ಏಕೆ?
– ಸ್ನಾತಕೋತ್ತರ ವಿದ್ಯಾರ್ಥಿ

ಉತ್ತರ: ಅದು ಜರ್ಮನಿಯೂ ಸೇರಿದಂತೆ ಯೂರೋಪಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ‘ಶೈಕ್ಷಣಿಕ ಕಾಲು ಗಂಟೆ’. ‘10 ಸಿ.ಟಿ.’ ಎಂದರೆ ಕಾರ್ಯಕ್ರಮ ಶುರುವಾಗುವುದು 10.15ಕ್ಕೆ, ‘10 ಎಸ್‌.ಟಿ.’ ಎಂದಿದ್ದರೆ ಹತ್ತಕ್ಕೆ ಸರಿಯಾಗಿ. ಒಂದು ತರಗತಿಯಿಂದ ಇನ್ನೊಂದಕ್ಕೆ ನಡೆದು ಹೋಗಲು ಬೇಕಾದ ಸಮಯವನ್ನು ವೇಳಾಪಟ್ಟಿಯೊಳಗೇ ಸೇರಿಸಿಕೊಳ್ಳುವ ಉಪಾಯ ಇದು. ಯಾರೂ ತಡಮಾಡಿರಲಿಲ್ಲ, ನೀವೇ ಬೇಗ ಹೋಗಿದ್ದಿರಿ.

ಪ್ರಶ್ನೆ: ನಮ್ಮ ಆವರಣದಲ್ಲಿ ಒಂದೇ ವಾರ ಎರಡು ದಿನಗಳ ವಿಚಾರ ಸಂಕಿರಣವೂ ವಿದ್ಯಾರ್ಥಿಗಳ ಸಂಗೀತ, ನೃತ್ಯ ಕಾರ್ಯಕ್ರಮಗಳೂ ಇವೆ. ಇರುವುದು ಒಂದೇ ದೊಡ್ಡ ಸಭಾಂಗಣ. ಅಲ್ಲಿ ಹಾಡು ಬಹಳ ಚೆನ್ನಾಗಿ ಕೇಳಿಸುತ್ತದೆ, ಆದರೆ ಭಾಷಣ ಹಿಂದಿನ ಸಾಲಿನವರಿಗೆ ಅರ್ಥವೇ ಆಗುವುದಿಲ್ಲ. ಧ್ವನಿವರ್ಧಕ ಬದಲಾಯಿಸಿದರೂ ಪ್ರಯೋಜನವಾಗಿಲ್ಲ. ಏನು ಮಾಡಬೇಕು?
– ಸಂಘಟನಾ ಸಮಿತಿಯ ವಿದ್ಯಾರ್ಥಿಗಳು

ಉತ್ತರ: ಧ್ವನಿವರ್ಧಕವನ್ನು ಇನ್ನೊಮ್ಮೆ ಬದಲಾಯಿಸಿದರೂ ಆಗುವುದು ಅಷ್ಟೇ, ಏಕೆಂದರೆ ದೋಷ ಸಭಾಂಗಣದ ಗೋಡೆಗಳಲ್ಲಿದೆ. ನಿಮ್ಮ ತೊಂದರೆಯನ್ನೇ 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೂ ಅನುಭವಿಸಿತ್ತು. ಹೊಸದಾಗಿ ಕಟ್ಟಿದ ಫಾಗ್ ಕಲಾ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲವೆಂದು, ಅದನ್ನು ಸರಿಪಡಿಸುವ ಹೊಣೆಯನ್ನು ಭೌತಶಾಸ್ತ್ರದ ತರುಣ ಅಧ್ಯಾಪಕ ವಾಲೇಸ್ ಸ್ಯಾಬೈನ್ ಅವರಿಗೆ ವಹಿಸಲಾಯಿತು. ಅಲ್ಲಿ ಸಾಮಾನ್ಯ ದನಿಯಲ್ಲಿ ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡು ಕೇಳಿಸುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಭಾಷಣಕಾರ ಹತ್ತು ಹನ್ನೆರಡು ಪದ ಮುಂದೆ ಹೋಗಿರುತ್ತಿದ್ದ, ಎಲ್ಲವೂ ಒಂದರ ಮೇಲೊಂದು ಬಿದ್ದು ಗೊಜಗೊಜ. ಸ್ಯಾಬೈನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ, ಪ್ರತಿ ಸಲವೂ ಆರ್ಗನ್ ವಾದ್ಯದ ಕೊಳವೆಯೊಂದರ ನಾದ ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಬೆಳಗಾಗುವಷ್ಟರಲ್ಲಿ ಮೆತ್ತೆಗಳು ಥಿಯೇಟರಿಗೆ ಮರಳಬೇಕಿತ್ತು. ಕೊಠಡಿಯ ಗಾತ್ರ ಮತ್ತು ಅದರೊಳಗಿನ ವಸ್ತುಗಳು ಧ್ವನಿಯನ್ನು ಹೀರುವ ಪ್ರಮಾಣ ಇವೆರಡನ್ನು ತಿಳಿದರೆ ಅನುರಣನದ ಅವಧಿಯನ್ನು, ಅಂದರೆ ಗೋಡೆಗಳಿಂದ ಮರಳಿ ಮರಳಿ ಬರುವ ದನಿ ಅಡಗಲು ಹಿಡಿಯುವ ಹೊತ್ತನ್ನು, ಲೆಕ್ಕಹಾಕಬಹುದೆಂಬ ಸೂತ್ರ ಹೊಮ್ಮಿದ್ದು ಈ ದುಡಿಮೆಯಿಂದಲೇ. 1900ರಲ್ಲಿ ತೆರೆದ ಬೋಸ್ಟನ್ ಸಿಂಫನಿ ಸಭಾಂಗಣದ ವಿನ್ಯಾಸಕ್ಕೆ ಸಲಹೆ ನೀಡಿದವರೂ ಅವರೇ.

ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅನುರಣನದ ಅವಧಿ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇರಬೇಕು. ದೊಡ್ಡ ವಾದ್ಯಮೇಳಕ್ಕೆ ಎರಡು ಸೆಕೆಂಡಿನಷ್ಟಿದ್ದರೆ ನಾದ ತುಂಬಿಕೊಂಡಂತೆ ಕೇಳುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಸಭಾಂಗಣ ಒಪ್ಪುವುದು ಅಪರೂಪ. ನಿಮ್ಮಲ್ಲಿ ನೂರು ಜನ ಹಿಡಿಸುವ, ನೆಲಹಾಸು ಇರುವ ತರಗತಿಯೊಂದಿದ್ದರೆ ಸಂಕಿರಣವನ್ನು ಅಲ್ಲಿಗೆ ಸಾಗಿಸಿ. ದೊಡ್ಡ ಸಭಾಂಗಣದಲ್ಲಿ ಸಂಕಿರಣ ನಡೆಸಿದರೆ ಮಾತ್ರ ಗೌರವ ಎಂಬ ಭಾವನೆ ಅತಿಥಿಗಳಿಗಿಂತ ಸಂಘಟಕರಲ್ಲೇ ಹೆಚ್ಚು. ಅರ್ಧ ಖಾಲಿಯಿರುವ ದೊಡ್ಡ ಸಭಾಂಗಣಕ್ಕಿಂತ ತುಂಬಿದ ಸಣ್ಣ ಕೊಠಡಿಯಲ್ಲಿ ಚರ್ಚೆ ಕಾವೇರುತ್ತದೆ. ಬೇರೆ ದಾರಿಯೇ ಇಲ್ಲವೆಂದಾದರೆ ಹಿಂಬದಿಯ ಗೋಡೆಗೂ ಪಕ್ಕದ ಗೋಡೆಗಳಿಗೂ ದಪ್ಪ ಬಟ್ಟೆಯ ಪರದೆಗಳನ್ನು ನೆರಿಗೆ ಬಿಟ್ಟು ಇಳಿಬಿಡಿ, ಸಂಗೀತದ ದಿನ ಸರಿಸಿಬಿಡಿ. ಧ್ವನಿವರ್ಧಕಗಳನ್ನು ವೇದಿಕೆಯ ಎರಡು ಬದಿಗಳಲ್ಲಿ ಮಾತ್ರ ಜೋರಾಗಿ ಇಡುವ ಬದಲು ಸಣ್ಣ ಪೆಟ್ಟಿಗೆಗಳನ್ನು ಸಾಲುಗಳ ಹತ್ತಿರ, ಕೇಳುಗರ ಕಡೆಗೆ ಮುಖ ಮಾಡಿ ಇಡುವುದು ಒಳ್ಳೆಯದು.

ಇನ್ನೊಂದು ವಿಷಯ ನೆನಪಿರಲಿ. ಜನರ ಮೈಮೇಲಿನ ಬಟ್ಟೆಯೂ ಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಹಿಂದಿನ ಸಂಜೆ ಖಾಲಿ ಸಭಾಂಗಣದಲ್ಲಿ ‘ಹಲೋ, ಹಲೋ’ ಎಂದು ಪರೀಕ್ಷಿಸಿ ನಿಗದಿ ಮಾಡಿದ ಮಟ್ಟ, ಮರುದಿನ ಜನ ತುಂಬಿದಾಗ ಹೊಂದುವುದಿಲ್ಲ. ಮೊದಲ ಹತ್ತು ನಿಮಿಷ ಒಬ್ಬರು ಕೊನೆಯ ಸಾಲಿನಲ್ಲಿ ಕುಳಿತು ಧ್ವನಿ ನಿಯಂತ್ರಿಸುವವರಿಗೆ ಸನ್ನೆ ಮಾಡುತ್ತಿರಲಿ. ಸಂಗೀತ ಮತ್ತು ಸಂಕಿರಣಗಳ ನಡುವೆ ಅರ್ಧ ದಿನವಾದರೂ ಬಿಡಿ. ರಾತ್ರಿಯ ನೃತ್ಯದ ದೀಪಗಳನ್ನು ಬಿಚ್ಚುತ್ತಿರುವಾಗಲೇ ಬೆಳಗಿನ ಗೋಷ್ಠಿಯ ಫಲಕ ಕಟ್ಟುವ ಪರಿಸ್ಥಿತಿ ಬಂದರೆ ಎರಡೂ ಕೆಡುತ್ತವೆ.

ಪ್ರಶ್ನೆ: ಸಮ್ಮೇಳನವೊಂದಕ್ಕೆ ಪ್ರಬಂಧದ ಸಾರಾಂಶ ಕಳುಹಿಸಿದ್ದೆ. ಮಂಡನೆಗೆ ಅವಕಾಶ ಕೊಡದೆ ಪೋಸ್ಟರ್ ವಿಭಾಗಕ್ಕೆ ಹಾಕಿದ್ದಾರೆ. ಇದು ಹಿನ್ನಡೆಯೇ? ಹೋಗುವುದೋ ಬೇಡವೋ?
– ಮೊದಲ ವರ್ಷದ ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಹೋಗಿ. ಮಂಡನೆಯೆಂದರೆ ಹತ್ತು ಹದಿನೈದು ನಿಮಿಷದ ಮಾತು, ಕೊನೆಗೆ ಸಮಯವಿದ್ದರೆ ಎರಡು ಪ್ರಶ್ನೆ. ಪೋಸ್ಟರಿನ ಮುಂದಾದರೆ ನಿಮ್ಮ ವಿಷಯದಲ್ಲಿ ನಿಜವಾದ ಆಸಕ್ತಿಯಿರುವ ಏಳೆಂಟು ಜನ ನಿಂತು, ನಿಮ್ಮ ವಿಧಾನದಲ್ಲಿ ಎಲ್ಲಿ ಸಡಿಲವಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತಾರೆ. ಸಂಶೋಧನೆಯ ಮೊದಲ ವರ್ಷದಲ್ಲಿ ಬೇಕಾದದ್ದು ಅದೇ.

ಆದರೆ ಪ್ರಬಂಧದ ಪುಟಗಳನ್ನೇ ದೊಡ್ಡದಾಗಿ ಮುದ್ರಿಸಿ ಅಂಟಿಸಬೇಡಿ. ಸಾಮಾನ್ಯವಾಗಿ ಕೇಳುವ ಎ0 ಹಾಳೆಯ ಅಳತೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಅಷ್ಟು ಜಾಗ ಸಿಕ್ಕಿತೆಂದು ತುಂಬಿಸುವ ಆಸೆ ಹುಟ್ಟುವುದೇ ಮೊದಲ ಅಪಾಯ. ‘ಒಂದು ಅಧ್ಯಯನ’ ಎಂದು ಮುಗಿಯುವ ಶೀರ್ಷಿಕೆಯ ಬದಲು ನೀವು ಕಂಡುಕೊಂಡದ್ದನ್ನು ಪೂರ್ಣ ವಾಕ್ಯವಾಗಿ ಮೇಲ್ಗಡೆ ಬರೆಯಿರಿ. ಅದು ನಾಲ್ಕೈದು ಹೆಜ್ಜೆ ದೂರದಿಂದ ಓದುವಂತಿರಲಿ. ಒಂದೋ ಎರಡೋ ಚಿತ್ರ ಸಾಕು. ಹಲಗೆ ಉದ್ದುದ್ದಕ್ಕೆ ಇದೆಯೋ ಅಡ್ಡಡ್ಡಕ್ಕೆ ಇದೆಯೋ ಎಂದು ಮುದ್ರಿಸುವ ಮೊದಲೇ ಸಂಘಟಕರನ್ನು ಕೇಳಿಕೊಳ್ಳಿ. ನಿಲ್ಲುವಾಗ ಹಾಳೆಗೆ ಅಡ್ಡವಾಗದೆ ಪಕ್ಕದಲ್ಲಿ ನಿಲ್ಲಿ.

ಬಾಯಿಮಾತಿನ ಅಭ್ಯಾಸ ಬೇಕೆಂದಿದ್ದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಆರಂಭವಾಗಿ ಈಗ ಅನೇಕ ದೇಶಗಳಿಗೆ ಹಬ್ಬಿರುವ ‘ಮೂರು ನಿಮಿಷದ ಪ್ರಬಂಧ’ ಸ್ಪರ್ಧೆಯ ನಿಯಮಗಳನ್ನು ಮನೆಯಲ್ಲೇ ಪಾಲಿಸಿ ನೋಡಿ: ಚಲನೆಯಿಲ್ಲದ ಒಂದೇ ಒಂದು ಸ್ಲೈಡ್, ಮೂರು ನಿಮಿಷ, ಒಂದು ಸೆಕೆಂಡು ಹೆಚ್ಚಾದರೂ ಸ್ಪರ್ಧೆಯಿಂದ ಹೊರಗೆ. ಪೋಸ್ಟರ್ ನೋಡಲು ಬಂದವರಿಗೆ ಹೇಳಬೇಕಾದದ್ದೂ ಅಷ್ಟೇ ಇರುತ್ತದೆ.

ಪ್ರಶ್ನೆ: ವಾರ್ಷಿಕ ಸಾಂಸ್ಕೃತಿಕ ಉತ್ಸವದಲ್ಲಿ ಇಬ್ಸೆನ್ ನಾಟಕವೊಂದರ ಅನುವಾದವನ್ನು ಆಡಲಿದ್ದೇವೆ. ನಾಟಕಕಾರ ತೀರಿಕೊಂಡು ನೂರು ವರ್ಷ ದಾಟಿದೆ, ಪ್ರವೇಶವೂ ಉಚಿತ. ಆದರೂ ಅನುಮತಿ ಬೇಕೇ?
– ರಂಗತಂಡದ ಸಂಚಾಲಕ

ಉತ್ತರ: ಬೇಕಾಗಬಹುದು. ಇಬ್ಸೆನ್ ತೀರಿಕೊಂಡದ್ದು 1906ರಲ್ಲಿ, ಆದ್ದರಿಂದ ಮೂಲ ಕೃತಿಯ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಅನುವಾದವು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ಕೃತಿ. 1886ರ ಬರ್ನ್ ಒಪ್ಪಂದದ ಪ್ರಕಾರ ಕೃತಿಸ್ವಾಮ್ಯ ಕರ್ತೃವಿನ ಜೀವಿತಾವಧಿಯ ಮೇಲೆ ಕನಿಷ್ಠ 50 ವರ್ಷ ಇರುತ್ತದೆ, ಹಲವು ದೇಶಗಳಲ್ಲಿ ಅದು 70 ವರ್ಷ. ಅನುವಾದಕರಿಗೂ ಇದೇ ಲೆಕ್ಕ. ಪುಸ್ತಕವನ್ನು ಕೊಂಡ ಮಾತ್ರಕ್ಕೆ ರಂಗದ ಮೇಲೆ ಆಡುವ ಹಕ್ಕು ಬರುವುದಿಲ್ಲ. ಪ್ರವೇಶ ಉಚಿತವೆಂಬುದು ತಾನಾಗಿ ವಿನಾಯಿತಿಯಲ್ಲ. ಶಿಕ್ಷಣ ಸಂಸ್ಥೆಗಳ ಪ್ರದರ್ಶನಗಳಿಗೆ ಕೆಲವು ದೇಶಗಳ ಕಾನೂನು ರಿಯಾಯಿತಿ ಕೊಟ್ಟರೂ ಪ್ರೇಕ್ಷಕರು ಯಾರು, ಹಣ ಪಡೆಯಲಾಗುತ್ತಿದೆಯೇ ಎಂಬ ಷರತ್ತುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಹಿನ್ನೆಲೆಗೆ ಧ್ವನಿಮುದ್ರಿತ ಸಂಗೀತ ಬಳಸಿದರೆ ಸಂಯೋಜಕರ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ನಾಟಕವನ್ನು ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕುವುದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು. ತಾಲೀಮು ಶುರುವಾಗುವ ಮೊದಲೇ ಅನುವಾದಕರಿಗೆ ಪತ್ರ ಬರೆಯಿರಿ. ವಿದ್ಯಾರ್ಥಿಗಳು ಕೇಳಿದರೆ ಸಂತೋಷದಿಂದ ಒಪ್ಪುವವರೇ ಹೆಚ್ಚು. ಭಿತ್ತಿಪತ್ರದಲ್ಲಿ ಅವರ ಹೆಸರನ್ನು ಬಿಡಬೇಡಿ.

ಪ್ರಶ್ನೆ: ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಉಪನ್ಯಾಸ ಮಾಲೆಯೊಂದನ್ನು ಯೋಜಿಸುತ್ತಿದ್ದೇವೆ. ಜನರಿಗೆ ನೆನಪಿನಲ್ಲಿ ಉಳಿಯುವಂತೆ ಯಾವ ದಿನಗಳನ್ನು ಆರಿಸಿಕೊಳ್ಳಬಹುದು?
– ವಿಭಾಗವೊಂದರ ಅಧ್ಯಾಪಕರು

ಉತ್ತರ: ಫೆಬ್ರವರಿ 12 ಚಾರ್ಲ್ಸ್ ಡಾರ್ವಿನ್ ಹುಟ್ಟಿದ ದಿನ. ಮಾರ್ಚ್ 14ನ್ನು ಯುನೆಸ್ಕೊ 2019ರಲ್ಲಿ ಅಂತರರಾಷ್ಟ್ರೀಯ ಗಣಿತ ದಿನವೆಂದು ಘೋಷಿಸಿದೆ. ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಇವೆಲ್ಲಕ್ಕಿಂತ ಫೆಬ್ರವರಿ 21ರ ಮಾತೃಭಾಷಾ ದಿನ ಉಪನ್ಯಾಸಕ್ಕೆ ಹೆಚ್ಚು ಒದಗಿಬರುತ್ತದೆ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಆ ದಿನದ ಮೂಲವೇ ವಿಶ್ವವಿದ್ಯಾಲಯದ ಆವರಣದಲ್ಲಿದೆ: ಆಗ ಪಾಕಿಸ್ತಾನದ ಭಾಗವಾಗಿದ್ದ ಪೂರ್ವ ಬಂಗಾಳದಲ್ಲಿ, ಬಂಗಾಳಿಗೆ ರಾಷ್ಟ್ರಭಾಷೆಯ ಸ್ಥಾನ ಬೇಕೆಂದು 1952ರ ಅದೇ ದಿನ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಿಷೇಧಾಜ್ಞೆ ಮೀರಿ ಸೇರಿದಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಯುನೆಸ್ಕೊ 1999ರಲ್ಲಿ ಆ ದಿನವನ್ನು ಅಂಗೀಕರಿಸಿತು. ಭಾಷಾಶಾಸ್ತ್ರ, ಇತಿಹಾಸ, ಕಾನೂನು, ಸಾಹಿತ್ಯ ವಿಭಾಗಗಳು ಕೂಡಿ ನಡೆಸಬಹುದಾದ ವಿಷಯ ಅದು.

ದಿನ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆಯ ಹಿಂದಿನ ವಾರಕ್ಕೆ ಬಿದ್ದರೆ ಮುಂದಿನ ಸಾಲಿನಲ್ಲಿ ಅಧ್ಯಾಪಕರು ಮಾತ್ರ ಇರುತ್ತಾರೆ. ಆದ್ದರಿಂದ ಮೊದಲು ಪರೀಕ್ಷಾ ವಿಭಾಗದ ವೇಳಾಪಟ್ಟಿ ತರಿಸಿಕೊಳ್ಳಿ, ಆಮೇಲೆ ಭಾಷಣಕಾರರಿಗೆ ಪತ್ರ ಬರೆಯಿರಿ. ಪ್ರಕಟಣೆಯಲ್ಲಿ ಸಭಾಂಗಣದ ಹೆಸರಿನ ಜೊತೆಗೆ ಅದು ಯಾವ ಕಟ್ಟಡದ ಎಷ್ಟನೆಯ ಮಹಡಿಯಲ್ಲಿದೆ, ಯಾವ ದ್ವಾರದಿಂದ ಬರಬೇಕು, ಗಾಲಿಕುರ್ಚಿಗೆ ದಾರಿ ಇದೆಯೇ, ಹೊರಗಿನವರು ಗುರುತಿನ ಚೀಟಿ ತರಬೇಕೇ ಎಂಬುದನ್ನೂ ಬರೆಯಿರಿ. ಮೇಲೆ ಪತ್ರ ಬರೆದ ನಿವೃತ್ತ ಶಿಕ್ಷಕಿಯಂಥವರು ಫಲಕದ ಮುಂದೆ ನಿಂತು ಹುಡುಕುವುದು ಈ ವಿವರಗಳನ್ನೇ.