ಪ್ರೈಮರಿಯಲ್ಲಿ ಪಕ್ಷ ನಿಲ್ಲಿಸಿದವರನ್ನು ಬಿಟ್ಟು ಹೆಸರೇ ಕೇಳದವರಿಗೆ ಓಟು ಹಾಕಿದರೆ ದಂಡ ಅಲ್ವಾ?

ನೀವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೀರಿ, ಹೋದ ವರ್ಷ ಸಿಟಿಜನ್ ಆಗಿದ್ದೀರಿ, ಜೂನ್‌ನಲ್ಲಿ ಮೊದಲ ಸಲ ಡೆಮಾಕ್ರಟಿಕ್ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಗೆ, ಓಟು ಹಾಕಬೇಕು ಅಂತಿದ್ದೀರಿ. ಪಕ್ಷದ ದೊಡ್ಡವರೆಲ್ಲ ಒಬ್ಬರ ಹಿಂದೆ ನಿಂತಿದ್ದಾರೆ. ನಿಮ್ಮ ಮನಸ್ಸು ಇರುವುದು ಇನ್ನೊಬ್ಬರ ಕಡೆ. ಗೆಲ್ಲುವ ಕುದುರೆ ಬಿಟ್ಟು ಸೋಲುವವರಿಗೆ ಯಾಕೆ ಹಾಕಬೇಕು ಅನ್ನುವುದು ನಿಮ್ಮ ಪ್ರಶ್ನೆ.

ದಂಡ ಅಲ್ಲ. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಹಾಕುವ ಓಟಿಗಿಂತ ಜೂನ್‌ನಲ್ಲಿ ಹಾಕುವ ಓಟಿಗೆ ತೂಕ ಜಾಸ್ತಿ. ಇದನ್ನು ನಾನು ಕೇಳಿ ತಿಳಿದದ್ದಲ್ಲ, ಬೀದಿ ಸುತ್ತಿ ತಿಳಿದದ್ದು.

ನಾನಿರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ವುಡ್‌ಸೈಡ್‌ನಲ್ಲಿ. 2018ರಲ್ಲಿ ನಮ್ಮದು ನ್ಯೂಯಾರ್ಕ್‌ನ 14ನೇ ಕಾಂಗ್ರೆಸ್ ಕ್ಷೇತ್ರ. ಅರ್ಧ ಕ್ವೀನ್ಸ್, ಅರ್ಧ ಬ್ರಾಂಕ್ಸ್. ಇಲ್ಲಿ ನವೆಂಬರ್‌ನಲ್ಲಿ ಡೆಮಾಕ್ರಟ್ ಗೆಲ್ಲುವುದು ಮೊದಲೇ ಗೊತ್ತಿರುವ ವಿಷಯ. ಹಾಗಾಗಿ ಪ್ರೈಮರಿಯೇ ನಿಜವಾದ ಚುನಾವಣೆ. ಆದರೆ 2004ರಿಂದ ಆಚೆಗೆ ಈ ಸೀಟಿಗೆ ಪ್ರೈಮರಿ ನಡೆದೇ ಇರಲಿಲ್ಲ. ಇಲ್ಲಿನ ಸಂಸದ ಜೋ ಕ್ರೌಲಿ ಅವರ ಎದುರು ಯಾರೂ ನಿಂತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಚುನಾವಣೆ ಅಂತ ಹೆಸರಿಗೆ ಮಾತ್ರ.

ಊರಲ್ಲಿ ಟಿಕೆಟ್ ಹಂಚಿಕೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಬೆಂಗಳೂರು, ದೆಹಲಿ ಅಂತ ಓಡಾಟ, ಹೈಕಮಾಂಡ್ ಪಟ್ಟಿ, ಕೊನೇ ರಾತ್ರಿ ಯಾರದೋ ಕೈಗೆ ಬಿ ಫಾರಂ. ಸಿಗದವರು ಬಂಡಾಯ. ಓಟುದಾರನಿಗೂ ಬಿ ಫಾರಮ್ಮಿಗೂ ಸಂಬಂಧ ಇಲ್ಲ. ಇಲ್ಲಿ ಬಿ ಫಾರಂ ಕೊಡುವವರು ನಾವೇ. ಕಾಗದದ ಮೇಲೆ ಹಾಗೆ. ಆದರೆ ಜನ ಬರದಿದ್ದರೆ ಇಲ್ಲೂ ಹೈಕಮಾಂಡೇ ಕೊಡುತ್ತದೆ.

ಕ್ರೌಲಿ ಅವರಿಗೆ ಸೀಟು ಬಂದ ಕಥೆ ಕೇಳಿ. 1998ರಲ್ಲಿ ಇಲ್ಲಿನ ಸಂಸದ ಥಾಮಸ್ ಮ್ಯಾಂಟನ್. ಕ್ವೀನ್ಸ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಅವರೇ. ಮತ್ತೆ ನಿಲ್ಲುತ್ತೇನೆ ಅಂತ ಸಹಿಗಳ ಸಮೇತ ಅರ್ಜಿ ಹಾಕಿದರು. ಬೇರೆಯವರು ಅರ್ಜಿ ಹಾಕುವ ಗಡುವು ಮುಗಿದ ಮೇಲೆ ಹಿಂದೆ ಸರಿದರು. ಖಾಲಿಯಾದ ಜಾಗಕ್ಕೆ ಪಕ್ಷದ ಸಮಿತಿ ಕ್ರೌಲಿ ಹೆಸರು ಬರೆಯಿತು. ಅಷ್ಟೇ. ಪ್ರೈಮರಿ ಇಲ್ಲ, ಗಲಾಟೆ ಇಲ್ಲ. ಮುಂದೆ ಕ್ರೌಲಿ ಅವರೂ ಕ್ವೀನ್ಸ್ ಪಕ್ಷದ ಅಧ್ಯಕ್ಷರಾದರು. 2018ರ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಅವರು ಸದನದ ಡೆಮಾಕ್ರಟರ ಪೈಕಿ ನಾಲ್ಕನೇ ಸ್ಥಾನದ ನಾಯಕ. ಮುಂದಿನ ಸ್ಪೀಕರ್ ಅಂತಲೂ ಮಾತಿತ್ತು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಸೋತ ರಾತ್ರಿ ಗಿಟಾರ್ ಹಿಡಿದು, ಗೆದ್ದವಳಿಗೇ ಒಂದು ಹಾಡು ಅರ್ಪಿಸಿದ ಮನುಷ್ಯ ಅದು. ನಮ್ಮ ಕಡೆ ಯಾರಾದರೂ ಹಾಗೆ ಮಾಡಿದ್ದನ್ನು ನೋಡಿದ್ದೀರಾ?

ಎದುರು ನಿಂತವರು ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್. ವಯಸ್ಸು 28. ಬಾರ್‌ನಲ್ಲಿ ಕೆಲಸ ಮಾಡಿಕೊಂಡಿದ್ದ ಹುಡುಗಿ. ಯಾವ ಚುನಾವಣೆಗೂ ನಿಂತವರಲ್ಲ.

ನಾನು ಅವರ ಪರ ಹೋಗಿದ್ದೇ ಒಂದು ಆಕಸ್ಮಿಕ. ಸಿಟಿಜನ್ ಆದಾಗ ಓಟರ್ ಫಾರಂನಲ್ಲಿ ಪಕ್ಷದ ಕಾಲಂ ಖಾಲಿ ಬಿಟ್ಟಿದ್ದೆ. ನಾನೇಕೆ ಯಾವುದೋ ಪಕ್ಷಕ್ಕೆ ಸೇರಲಿ ಅಂತ. ದೊಡ್ಡ ತಪ್ಪು ಅದು. ನ್ಯೂಯಾರ್ಕ್‌ನಲ್ಲಿ ಪಕ್ಷ ಬರೆಸದವರಿಗೆ ಪ್ರೈಮರಿಯಲ್ಲಿ ಓಟಿಲ್ಲ. 2016ರಲ್ಲಿ ಸುಮ್ನೆ ಮನೆಯಲ್ಲಿ ಕೂತೆ. 2017ರ ಶರತ್ಕಾಲದಲ್ಲಿ ಮನೆ ಬಾಗಿಲಿಗೆ ಒಬ್ಬ ಹುಡುಗ ಬಂದ. ಮುಂದಿನ ಜೂನ್‌ನಲ್ಲಿ ಓಟು ಹಾಕಬೇಕಾದರೆ ಈ ಅಕ್ಟೋಬರ್ ಒಳಗೇ ಪಕ್ಷ ಬರೆಸಬೇಕು ಅಂದ. ಚುನಾವಣೆಗೆ ಎಂಟು ತಿಂಗಳು ಮೊದಲು! ನನಗೆ ನಗು ಬಂತು. ಆಗಿನ ಕಾನೂನು ಹಾಗೇ ಇತ್ತು. ಆಮೇಲೆ ಬದಲಾಯಿತು, ಈಗ ಗಡುವು ಫೆಬ್ರವರಿ 14. ಅವನ ಕೈಯಲ್ಲಿದ್ದ ಫಾರಂ ತುಂಬಿಸಿ ಕೊಟ್ಟೆ. ಅಭ್ಯರ್ಥಿ ಹೆಸರು ಕೇಳಿದೆ, ಹೇಳಿದ, ಅರ್ಧ ಗಂಟೆಯಲ್ಲಿ ಮರೆತೆ.

ಮಾರ್ಚ್‌ನಲ್ಲಿ ಅದೇ ಹುಡುಗ ರೈಲ್ವೆ ಸ್ಟೇಷನ್ ಹೊರಗೆ ಕಣ್ಣಿಗೆ ಬಿದ್ದ. ಕೈಯಲ್ಲಿ ಕ್ಲಿಪ್‌ಬೋರ್ಡ್, ತಿಳಿಹಸಿರು ಹಾಳೆಗಳು. ಸಹಿ ಸಂಗ್ರಹ. ಬ್ಯಾಲೆಟ್ ಮೇಲೆ ಹೆಸರು ಬರಬೇಕಾದರೆ ಕ್ಷೇತ್ರದಲ್ಲಿ ನೋಂದಾಯಿಸಿದ ಡೆಮಾಕ್ರಟರ 1,250 ಸಹಿ ಬೇಕು. ಅಷ್ಟೇನಾ ಅಂದೆ. ಒಂದು ಗಂಟೆ ನಿಂತು ನೋಡಿ ಅಂದ. ನಿಂತೆ. ಹನ್ನೊಂದು ವಾರಾಂತ್ಯ ನಿಂತುಬಿಟ್ಟೆ, ಮೊದಲು ಸಹಿಗೆ, ಆಮೇಲೆ ಮನೆ ಮನೆಗೆ.

ಈ ಹಸಿರು ಹಾಳೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಹೊಸಬರು ಸಾಯುವುದೇ ಇಲ್ಲಿ. ಸಹಿ ಮಾಡಿದವನು ಡೆಮಾಕ್ರಟ್ ಅಲ್ಲದಿದ್ದರೆ ಹೋಯಿತು. ಪಕ್ಕದ ಕ್ಷೇತ್ರದವನಾದರೆ ಹೋಯಿತು. ಅದೇ ಸೀಟಿಗೆ ಇನ್ನೊಬ್ಬರ ಹಾಳೆಯಲ್ಲಿ ಮೊದಲೇ ಸಹಿ ಹಾಕಿದ್ದರೂ ಹೋಯಿತು. ಊರಿನ ಕಾಲಂನಲ್ಲಿ ನ್ಯೂಯಾರ್ಕ್ ಅಂತ ಬರೆಯಬೇಡಿ, ಕ್ವೀನ್ಸ್ ಅಂತಲೇ ಬರೆಸಿ ಅಂತ ನಮಗೆ ಪಾಠ ಮಾಡಿದ್ದರು. ಹಾಳೆಯ ಕೆಳಗೆ ಸಾಕ್ಷಿಯ ಸಹಿ, ಅದೂ ಸರಿಯಿರಬೇಕು. ಹಳೇ ಪಕ್ಷದವರ ಹತ್ತಿರ ಇದನ್ನೇ ಕುಲದ ಕಸುಬು ಮಾಡಿಕೊಂಡ ವಕೀಲರು ಇರುತ್ತಾರೆ. ಎದುರಾಳಿಯ ಹಾಳೆಗಳನ್ನು ಸಾಲು ಸಾಲಾಗಿ ಜಾಲಾಡಿ ತಪ್ಪು ಹೆಕ್ಕುತ್ತಾರೆ. ಓಟಿಗೆ ಮೊದಲೇ ಚುನಾವಣೆ ಮುಗಿಸುವ ಉಪಾಯ. ಅದಕ್ಕೇ ನಾವು 1,250 ಬೇಕಾದಲ್ಲಿ 5,000ಕ್ಕೂ ಹೆಚ್ಚು ಸಹಿ ಕೊಟ್ಟೆವು.

ಚಳಿಗೆ ಪೆನ್ನಿನ ಇಂಕು ಹೆಪ್ಪುಗಟ್ಟುತ್ತಿತ್ತು. ಎರಡು ಪೆನ್ ಒಳಜೇಬಿನಲ್ಲಿ ಬೆಚ್ಚಗಿಟ್ಟು, ಒಂದನ್ನು ಜನರಿಗೆ ಕೊಡುತ್ತಿದ್ದೆ. ಹತ್ತು ಜನರನ್ನು ಮಾತಾಡಿಸಿದರೆ ಒಬ್ಬರು ನಿಲ್ಲುವರು. ಆ ಒಬ್ಬರು ಡೆಮಾಕ್ರಟ್ ಆಗಿರಬೇಕು. ಜ್ಯಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ನಮ್ಮ ಮುಖ ನೋಡಿ ನಿಲ್ಲುವವರು ಜಾಸ್ತಿ. ಆದರೆ ಅರ್ಧ ಜನ ಇನ್ನೂ ಗ್ರೀನ್ ಕಾರ್ಡ್. ಸಹಿ ಹಾಕಲಾಗದೆ ನಮ್ಮ ಕೈಗೆ ಚಹಾ ಕೊಟ್ಟು ಹೋಗುತ್ತಿದ್ದರು.

ಮೇ ತಿಂಗಳಿಂದ ಬಾಗಿಲು ಬಡಿಯುವ ಕೆಲಸ. ಅಲ್ಲಿ ನನಗೆ ಒಂದು ಲೆಕ್ಕ ಅರ್ಥವಾಯಿತು. ಹಳೇ ಪಕ್ಷದವರು ಹೋಗುವುದು ಪ್ರತಿ ಪ್ರೈಮರಿಗೂ ಬರುವವರ ಮನೆಗೆ ಮಾತ್ರ. ಆ ಪಟ್ಟಿ ಚಿಕ್ಕದು, ಎಲ್ಲ ಪರಿಚಯದ ಮುಖಗಳು. ನಮಗೆ ಕೊಟ್ಟ ಪಟ್ಟಿಯಲ್ಲಿ ಒಮ್ಮೆಯೂ ಬರದವರೂ ಇದ್ದರು. "ಇಪ್ಪತ್ತು ವರ್ಷದಲ್ಲಿ ನಮ್ಮ ಬೆಲ್ ಒತ್ತಿದವರು ನೀವೇ ಮೊದಲು" ಅಂತ ಒಬ್ಬ ಬಾಂಗ್ಲಾ ಟ್ಯಾಕ್ಸಿ ಡ್ರೈವರ್ ಹೇಳಿದ. ಅವನ ಹೆಂಡತಿ ಒಳಗಿಂದ ಕೂಗಿ, ಚುನಾವಣೆ ನವೆಂಬರ್‌ನಲ್ಲಿ ಅಲ್ವಾ ಅಂದಳು. ಜೂನ್ 26 ಅಂತ ಹಿಂದಿಯಲ್ಲಿ ಹೇಳಿದೆ. ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಅವಳ ಕೈಯಲ್ಲೇ ಸುತ್ತು ಹಾಕಿಸಿ ಬಂದೆ. ಮುಂದಿನ ಬೀದಿಯಲ್ಲಿ ಒಬ್ಬ ಐರಿಷ್ ಅಜ್ಜಿ. "ಜೋ ನಮ್ಮ ಹುಡುಗ" ಅಂದು ನಗುತ್ತಲೇ ಬಾಗಿಲು ಹಾಕಿದಳು. ಅದೂ ಸರಿಯೇ. ತನ್ನ ಊರಿನವನು ಅನ್ನುವುದನ್ನು ಯಾವ ಕರಪತ್ರದಿಂದ ಬದಲಾಯಿಸಲಿ?

ದುಡ್ಡಿನ ಮಾತು ಉದ್ದ ಬೇಡ. ಕ್ರೌಲಿ ಕಡೆ ಖರ್ಚು 30 ಲಕ್ಷ ಡಾಲರ್ ದಾಟಿತ್ತು, ನಮ್ಮದು ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ನಮ್ಮ ಅಭ್ಯರ್ಥಿ ಕಂಪನಿಗಳು ಪ್ಯಾಕ್ ಅನ್ನುವ ರಾಜಕೀಯ ನಿಧಿಯ ಮೂಲಕ ಕೊಡುವ ದುಡ್ಡು ಮುಟ್ಟಲಿಲ್ಲ. ಬ್ರಾಂಕ್ಸ್‌ನ ಪಾರ್ಕ್‌ಚೆಸ್ಟರ್‌ನಲ್ಲಿ ನಡೆದ ಚರ್ಚೆಗೆ ಕ್ರೌಲಿ ತಾವು ಬರದೆ ತಮ್ಮ ಪರವಾಗಿ ಮಾಜಿ ನಗರಸಭಾ ಸದಸ್ಯೆಯೊಬ್ಬರನ್ನು ಕಳಿಸಿದರು. ಆ ಸಂಜೆಯೇ ಅವರು ಅರ್ಧ ಸೋತರು ಅಂತ ನನ್ನ ಲೆಕ್ಕ. ಮದುವೆಗೆ ಗಂಡಿನ ಬದಲು ಚಿಕ್ಕಪ್ಪ ಬಂದ ಹಾಗಾಯಿತು.

ಜೂನ್ 26, ಮಂಗಳವಾರ. ಆಗ ನ್ಯೂಯಾರ್ಕ್‌ನಲ್ಲಿ ಮುಂಚಿತ ಮತದಾನವೂ ಇರಲಿಲ್ಲ. ಕೆಲಸ ಮುಗಿಸಿ ಸಂಜೆ ಏಳಕ್ಕೆ ಸ್ಕೂಲಿನ ಜಿಮ್‌ಗೆ ಹೋದೆ. ಬ್ಯಾಲೆಟ್ ಮೇಲೆ ಎರಡೇ ಹೆಸರು. ವೃತ್ತಕ್ಕೆ ಮಸಿ ತುಂಬಿ ಯಂತ್ರಕ್ಕೆ ಕಾಗದ ತೂರಿಸಿದೆ. ಪರದೆಯ ಮೇಲೆ ಬಂದ ಸಂಖ್ಯೆ 83. ಬೆಳಿಗ್ಗೆ ಆರರಿಂದ ಆ ಯಂತ್ರದೊಳಗೆ ಹೋದದ್ದು 83 ಕಾಗದ! ಪಕ್ಕದಲ್ಲಿ ಚುನಾವಣಾ ಸಿಬ್ಬಂದಿ ಒಬ್ಬಾಕೆ ಸ್ವೆಟರ್ ಹೆಣೆಯುತ್ತಾ ಕೂತಿದ್ದಳು.

ರಾತ್ರಿ ಫಲಿತಾಂಶ ಬಂತು. ಕೊನೇ ಲೆಕ್ಕದಲ್ಲಿ ಒಕಾಸಿಯೊ ಕೊರ್ಟೆಜ್ ಅವರಿಗೆ ಸುಮಾರು 17 ಸಾವಿರ, ಕ್ರೌಲಿಗೆ ಸುಮಾರು 13 ಸಾವಿರ. ಏಳು ಲಕ್ಷ ಜನರ ಕ್ಷೇತ್ರ, 2 ಲಕ್ಷಕ್ಕೂ ಹೆಚ್ಚು ಡೆಮಾಕ್ರಟ್ ಮತದಾರರು. ಬಂದವರು 30 ಸಾವಿರ. ವಾಷಿಂಗ್ಟನ್‌ನ ನಾಲ್ಕನೇ ನಾಯಕನನ್ನು ಮನೆಗೆ ಕಳಿಸಿದ್ದು ನಾಲ್ಕು ಸಾವಿರ ಓಟಿನ ಅಂತರ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಲೆಕ್ಕವೇ. ನವೆಂಬರ್‌ನಲ್ಲಿ ಅವರು ಶೇ. 78 ಓಟು ಪಡೆದು ಗೆದ್ದರು. ಅದರಲ್ಲಿ ನನ್ನದೂ ಒಂದು, ಆದರೆ ಅದು ಇಲ್ಲದಿದ್ದರೂ ನಡೆಯುತ್ತಿತ್ತು.

ಈಗ ಇನ್ನೊಂದು ಮುಖ. ಗೆದ್ದವರ ಕಥೆ ಮಾತ್ರ ಹೇಳಿದರೆ ಮೋಸ ಆಗುತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ ಗವರ್ನರ್ ಪ್ರೈಮರಿಗೆ ನಟಿ ಸಿಂಥಿಯಾ ನಿಕ್ಸನ್ ಅವರಿಗೆ ಓಟು ಹಾಕಿದೆ. ಆಗಿನ ಗವರ್ನರ್ ಆಂಡ್ರ್ಯೂ ಕ್ಯುಮೊ ಎದುರು ಹೀನಾಯವಾಗಿ ಸೋತರು. 2021ರಲ್ಲಿ ಬಫಲೋ ಊರಿನ ಮೇಯರ್ ಪ್ರೈಮರಿಯಲ್ಲಿ ಇಂಡಿಯಾ ವಾಲ್ಟನ್ ಗೆದ್ದರು. ಆದರೆ ಸೋತ ಹಳೇ ಮೇಯರ್ ನವೆಂಬರ್‌ನಲ್ಲಿ ಜನರ ಕೈಯಲ್ಲಿ ಬ್ಯಾಲೆಟ್ ಮೇಲೆ ತಮ್ಮ ಹೆಸರು ಬರೆಸಿಕೊಂಡೇ ಮತ್ತೆ ಗೆದ್ದುಬಿಟ್ಟರು. ಜಮಾಲ್ ಬೋಮನ್ 2020ರಲ್ಲಿ 16 ಅವಧಿಯ ಸಂಸದನನ್ನು ಸೋಲಿಸಿದರು, 2024ರ ಪ್ರೈಮರಿಯಲ್ಲಿ ತಾವೇ ಸೋತರು. ಈ ಬಾಗಿಲು ಎರಡೂ ಕಡೆ ತೆರೆಯುತ್ತದೆ. ನಮ್ಮ ಎಡಪಂಥದವರದೇ ಸೊತ್ತೂ ಅಲ್ಲ. 2014ರಲ್ಲಿ ವರ್ಜೀನಿಯಾದಲ್ಲಿ ರಿಪಬ್ಲಿಕನ್ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಯಾರೂ ಕೇಳದ ಒಬ್ಬ ಪ್ರೊಫೆಸರ್ ಬಲಗಡೆಯಿಂದ ಬಂದು ಹೀಗೇ ಕೆಡವಿದ್ದರು.

ನನ್ನ ಅಭ್ಯರ್ಥಿ ಮಾಡಿದ್ದೆಲ್ಲ ನನಗೆ ಸರಿ ಅನ್ನಿಸಿದೆ ಅಂತಲೂ ಅಲ್ಲ. ಅಮೆಜಾನ್ ನಮ್ಮ ಪಕ್ಕದ ಲಾಂಗ್ ಐಲ್ಯಾಂಡ್ ಸಿಟಿಗೆ 25,000 ಕೆಲಸ ತರುತ್ತೇನೆ ಅಂದಿತ್ತು, ಅದಕ್ಕೆ ಸರ್ಕಾರದಿಂದ ಸುಮಾರು 300 ಕೋಟಿ ಡಾಲರ್ ರಿಯಾಯಿತಿ. ಅವರು ವಿರೋಧಿಸಿದವರಲ್ಲಿ ಮುಂದಿದ್ದರು. 2019ರ ಫೆಬ್ರವರಿಯಲ್ಲಿ ಕಂಪನಿ ಕೈಬಿಟ್ಟಿತು. ನಾನು ಐಟಿಯವನು, ನನಗೆ ಅವತ್ತು ಹೊಟ್ಟೆ ಉರಿಯಿತು. ಮನೆಯಲ್ಲಿ ಹೆಂಡತಿ ರಿಯಾಯಿತಿ ಯಾಕೆ ಕೊಡಬೇಕು ಅಂತ ಅವರ ಪರ. ಈಗಲೂ ಊಟಕ್ಕೆ ಕೂತಾಗ ಈ ಜಗಳ ಎದ್ದರೆ ಸಾರು ತಣ್ಣಗಾಗುತ್ತದೆ.

ಇನ್ನು ನಿಮ್ಮ ನ್ಯೂಜೆರ್ಸಿ. ಅಲ್ಲಿ ಬಹಳ ಕಾಲ "ಲೈನ್" ಅಂತ ಒಂದು ಪದ್ಧತಿ ಇತ್ತು. ಕೌಂಟಿ, ಅಂದರೆ ಜಿಲ್ಲಾ ಪಕ್ಷ ಒಪ್ಪಿದವರ ಹೆಸರುಗಳೆಲ್ಲ ಬ್ಯಾಲೆಟ್ ಮೇಲೆ ಒಂದೇ ಸಾಲಿನಲ್ಲಿ, ಕಣ್ಣಿಗೆ ಹೊಡೆಯುವ ಹಾಗೆ. ಬೇರೆಯವರು ಎಲ್ಲೋ ಮೂಲೆಯಲ್ಲಿ. 2024ರಲ್ಲಿ ಆಂಡಿ ಕಿಮ್ ಸೆನೆಟ್‌ಗೆ ನಿಂತರು. ಎದುರು ಗವರ್ನರ್ ಹೆಂಡತಿ ಟ್ಯಾಮಿ ಮರ್ಫಿ, ದೊಡ್ಡ ಕೌಂಟಿಗಳ ಮುಖಂಡರೆಲ್ಲ ಆಕೆಯ ಕಡೆ. ಕಿಮ್ ಈ ಲೈನ್ ಮೇಲೆಯೇ ಕೋರ್ಟಿಗೆ ಹೋದರು. ಮಾರ್ಚ್‌ನಲ್ಲಿ ಮರ್ಫಿ ಕಣದಿಂದ ಹಿಂದೆ ಸರಿದರು. ಕೆಲವೇ ದಿನಗಳಲ್ಲಿ ಆ ಡೆಮಾಕ್ರಟಿಕ್ ಪ್ರೈಮರಿಯ ಮಟ್ಟಿಗೆ ಲೈನ್ ಬೇಡ ಅಂತ ಕೋರ್ಟ್ ತಡೆಯಿತು. ಕಿಮ್ ಈಗ ಸೆನೆಟರ್. ಹಾಗಾಗಿ ಮುಖಂಡರ ಬೆಂಬಲ ಅಂದಾಕ್ಷಣ ಗೆಲುವು ಖಾತ್ರಿ ಅಂತ ನಿಮ್ಮ ರಾಜ್ಯದಲ್ಲೇ ಹೇಳುವ ಹಾಗಿಲ್ಲ.

ನಮ್ಮ ಕಡೆ 2025ರ ಮೇಯರ್ ಪ್ರೈಮರಿ ನೀವೂ ನೋಡಿರುತ್ತೀರಿ. ಜೋಹ್ರಾನ್ ಮಮ್ದಾನಿ ಫೆಬ್ರವರಿಯ ಒಂದು ಸಮೀಕ್ಷೆಯಲ್ಲಿ ಶೇ. 1 ಇದ್ದರು. ಜೂನ್‌ನಲ್ಲಿ ಅದೇ ಕ್ಯುಮೊ ಅವರನ್ನು ಪ್ರಾಶಸ್ತ್ಯದ ಮತ ಎಣಿಕೆಯ ಕೊನೇ ಸುತ್ತಿನಲ್ಲಿ ಶೇ. 56ಕ್ಕೆ 44ರಂತೆ ಸೋಲಿಸಿದರು. ನನ್ನ ಮೊಣಕಾಲು ನೋವು, ಆ ಸಲ ಬಾಗಿಲು ಬಡಿಯಲು ಹೋಗಲಿಲ್ಲ. ಮಗಳು ಹೋದಳು. ಪೆನ್ ಒಳಜೇಬಿನಲ್ಲಿಡು ಅಂದೆ. ಅಪ್ಪಾ, ಜೂನ್ ತಿಂಗಳು ಅಂದಳು.

ಪಕ್ಷದವರು ನಿಲ್ಲಿಸಿದವರು ಒಳ್ಳೆಯವರಾದರೆ ಅವರಿಗೇ ಹಾಕಿ, ನನ್ನದೇನೂ ಹಟ ಇಲ್ಲ. ಬಂಡಾಯ ಅಂದಮಾತ್ರಕ್ಕೆ ಒಳ್ಳೆಯವರಾಗುವುದಿಲ್ಲ. ಇಬ್ಬರ ಸಭೆಗೂ ಒಂದೊಂದು ಸಲ ಹೋಗಿ ಬನ್ನಿ. ಪ್ರಶ್ನೆ ಕೇಳಲು ಯಾರು ಬಿಡುತ್ತಾರೆ ಅಂತ ನೋಡಿ. ಆಮೇಲೆ ನಿಮ್ಮ ನೋಂದಣಿ ನೋಡಿಕೊಳ್ಳಿ. ನ್ಯೂಜೆರ್ಸಿಯಲ್ಲಿ ಚುನಾವಣೆಗೆ 21 ದಿನ ಮೊದಲು ಹೆಸರು ಪಟ್ಟಿಯಲ್ಲಿರಬೇಕು. ಯಾವ ಪಕ್ಷವನ್ನೂ ಬರೆಸಿಲ್ಲದಿದ್ದರೆ ನನ್ನ ಹಾಗೆ ಮನೆಯಲ್ಲಿ ಕೂರಬೇಕಿಲ್ಲ, ಪ್ರೈಮರಿ ದಿನ ಬೂತ್‌ನಲ್ಲೇ ಡೆಮಾಕ್ರಟ್ ಅಂತ ಹೇಳಿ ಓಟು ಹಾಕಬಹುದು. ಆದರೆ ಅಪ್ಪಿತಪ್ಪಿ ಫಾರಂನಲ್ಲಿ ಇನ್ನೊಂದು ಪಕ್ಷ ಗುರುತು ಮಾಡಿದ್ದರೆ 55 ದಿನ ಮೊದಲೇ ಬದಲಾಯಿಸಬೇಕು. ಇವತ್ತೇ ನೋಡಿಬಿಡಿ.